ಹಿಂದೆ ನೋಡದೆ ನಡೆಯುವ ಉಕ್ಕಿನ ದೈತ್ಯರಿಗೆ

ಒಂದು ಭುಜದಲ್ಲಿ ಕ್ಷಿಪಣಿಗಳನ್ನೂ ಇನ್ನೊಂದರಲ್ಲಿ ಬೆಂಕಿಯ ಕೊಳವೆಯನ್ನೂ ಹೊತ್ತು, ಕರೆದ ತಕ್ಷಣ ಆಕಾಶದಿಂದ ನೇರ ನೆಲಕ್ಕೆ ದಯಮಾಡಿಸುವ, ನಲವತ್ತು ಅಡಿ ಎತ್ತರದ ಮಾನ್ಯ ಉಕ್ಕಿನ ದೈತ್ಯರೇ,

ಕಬ್ಬಿಣದ ಯಾರ್ಡಿನ ಕ್ರೇನ್ ಕೆಲಸಗಾರರ ಸಂಘದ ಪರವಾಗಿ ತಮ್ಮ ಎರಡೂ ಪಾದಗಳಿಗೆ, ಅವು ಸದ್ಯ ಯಾರ ಮೇಲೂ ಇಲ್ಲವೆಂದು ಖಚಿತಪಡಿಸಿಕೊಂಡ ನಂತರ, ನಮಸ್ಕಾರಗಳು. ನಮ್ಮ ಸಂಘ ಇದುವರೆಗೆ ಮ್ಯಾನೇಜರಿಗೆ, ಮಾಲೀಕರಿಗೆ, ಇಲಾಖೆಗೆ, ಮಂತ್ರಿಗೆ ಮನವಿ ಬರೆದಿದೆ. ವಿಡಿಯೊ ಗೇಮಿನೊಳಗಿನ ಯಂತ್ರಕ್ಕೆ ಬರೆಯುತ್ತಿರುವುದು ಇದೇ ಮೊದಲು. ತಾವು ಓದುತ್ತೀರೆಂಬ ಭರವಸೆಯೇನೂ ಇಲ್ಲ, ಆದರೆ ಓದದವರಿಗೆ ಬರೆದು ನಮಗೆ ಒಳ್ಳೆಯ ಅಭ್ಯಾಸವಿದೆ.

ಮೊದಲು ಸಂಘದ ಕಾರ್ಯದರ್ಶಿಯಾದ ನನ್ನ ಪರಿಚಯ. ನಾನೂ ತಮ್ಮಂಥ ಒಬ್ಬ ದೈತ್ಯನ ತಲೆಯೊಳಗೆ ಕೂತು ದುಡಿಯುವವನು. ನಮ್ಮದು ನಾಲ್ಕು ಕಾಲಿನ ಕ್ರೇನು. ಹಳಿಯ ಮೇಲೆ ಹೋಗುತ್ತದೆ, ಬರುತ್ತದೆ, ತಮ್ಮಂತೆ ಜಿಗಿಯುವುದಿಲ್ಲ, ಅದೊಂದು ಕೊರತೆ. ಮೇಲಿನ ಕ್ಯಾಬಿನ್ನಿನಿಂದ ನನಗೆ ಕೊಕ್ಕೆ ಕಾಣುತ್ತದೆ, ಕೊಕ್ಕೆಯಲ್ಲಿ ತೂಗುವ ಉಕ್ಕಿನ ತೊಲೆ ಕಾಣುತ್ತದೆ. ಹಿಂದಿನ ಎರಡು ಕಾಲಿನ ಚಕ್ರಗಳ ಮುಂದೆ ಯಾರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾರೆ ಎಂಬುದು ಮಾತ್ರ ಕಾಣುವುದಿಲ್ಲ. ಅದನ್ನು ಕಾಣುವುದಕ್ಕೆಂದೇ ನೆಲದ ಮೇಲೆ ಒಬ್ಬರು ನಿಂತಿರಬೇಕು. ನಮ್ಮಲ್ಲಿ ಹನ್ನೊಂದು ವರ್ಷದಿಂದ ಹಾಗೆ ನಿಂತಿರುವವರು ಸೀಟಿ ಅಕ್ಕ. ಅವರು ಅಂಗೈ ತೋರಿಸಿದರೆ ನಾನು ನಿಲ್ಲುತ್ತೇನೆ, ಬೆರಳು ತಿರುಗಿಸಿದರೆ ಎತ್ತುತ್ತೇನೆ, ಸೀಟಿ ಊದಿದರೆ ಉಸಿರನ್ನೂ ಹಿಡಿಯುತ್ತೇನೆ. ಹೆಂಡತಿಯ ಮಾತನ್ನು ಇಷ್ಟು ಕೇಳಿದ್ದರೆ ಮನೆ ಎಂದೋ ಉದ್ಧಾರವಾಗುತ್ತಿತ್ತು ಎಂದು ನನ್ನ ಮನೆಯವಳೇ ಹೇಳುತ್ತಾಳೆ.

ಇಂಥ ಸೀಟಿ ಅಕ್ಕನ ಕೆಲಸಕ್ಕೆ ತಾವು ಕಲ್ಲು ಹಾಕಿದ್ದೀರಿ, ಸ್ವಾಮೀ. ಹೇಗೆಂದು ವಿನಯಪೂರ್ವಕ ವಿವರಿಸುತ್ತೇನೆ.

ತಾವು ಕಾಣಿಸಿಕೊಳ್ಳುವ 'ಉಕ್ಕಿನ ಸಿಡಿಲು' ಎಂಬ ಆಟವನ್ನು ನಮ್ಮ ಮ್ಯಾನೇಜರು ಆಫೀಸಿನ ಬಾಗಿಲು ಮುಚ್ಚಿಕೊಂಡು ಆಡುತ್ತಾರೆ. ಆಡಲಿ, ಅದರಿಂದ ಯಾರ್ಡಿಗೆ ಒಳ್ಳೆಯದೇ ಆಗಿದೆ. ಆದರೆ ಕಳೆದ ತಿಂಗಳು ಅವರು ಹೊರಗೆ ಬಂದು, ಒಂದನೇ ತಾರೀಖಿನಿಂದ ಕ್ರೇನಿಗೆ ಸಿಗ್ನಲ್‌ನವರು ಬೇಡ, ಆ ಹುದ್ದೆ ರದ್ದು, ಅಕ್ಕ ಮನೆಗೆ ಹೋಗಬಹುದು ಎಂದು ನೋಟಿಸು ಅಂಟಿಸಿದರು. ಯಾಕೆ ಎಂದು ಕೇಳಿದ್ದಕ್ಕೆ ತಮ್ಮ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ನೋಡ್ರಿ ಸೆಕ್ರೆಟರಿ, ನಲವತ್ತು ಅಡಿ ಮಿಷನ್ನು! ಒಬ್ಬನೇ ಓಡಿಸ್ತಾನೆ, ಗುಂಡೂ ಹಾರಿಸ್ತಾನೆ. ಮುಂದೆ ಹಿಂದೆ ಪೀಪೀ ಊದೋರು ಯಾರಾದ್ರೂ ಕಾಣ್ತಾರಾ?" ಎಂದರು. ಎಪ್ಪತ್ತು ಜನರ ಜೀವದ ಪ್ರಶ್ನೆಗೆ ಆಡಳಿತ ವರ್ಗ ಮುಂದಿಟ್ಟ ಪುರಾವೆ ಇದು. ನಗುವುದೋ ಘೋಷಣೆ ಕೂಗುವುದೋ ತಿಳಿಯದೆ ನಾವು ಎರಡನ್ನೂ ಮಾಡಿದೆವು.

ಎದುರಿನವರ ವಾದವನ್ನು ಓದಿಕೊಳ್ಳದೆ ಹೋರಾಟಕ್ಕೆ ಇಳಿಯಬಾರದೆಂದು ಸಂಘದಲ್ಲಿ ಕಲಿತಿದ್ದೇವಾದ್ದರಿಂದ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಭಾವಮೈದನ ಬಳಿ ಒಂದು ವಾರ ನಾನೂ ತಮ್ಮ ಶಿಷ್ಯವೃತ್ತಿ ಮಾಡಿದೆ. ಏನು ವೇಗ, ಏನು ವೈಭವ! ಜನ ಗೋಡೆಯ ಮೇಲೆ ಓಡುತ್ತಾರೆ, ಗಾಳಿಯಲ್ಲೇ ಎರಡನೇ ಸಲ ಜಿಗಿಯುತ್ತಾರೆ, ತಮ್ಮನ್ನು ಕರೆಯುತ್ತಾರೆ. ತಾವು ಕೆಳಗೆ ಯಾರಿದ್ದಾರೆಂದು ವಿಚಾರಿಸದೆ ಧೊಪ್ಪೆಂದು ಇಳಿಯುತ್ತೀರಿ. ನಾನು ಮಾತ್ರ, ಕಲಿತ ಬುದ್ಧಿ ಎಲ್ಲಿ ಹೋಗಬೇಕು, ಹತ್ತುವ ಮುನ್ನ ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೀಲುಗಳನ್ನು ಪರೀಕ್ಷಿಸುತ್ತಿದ್ದೆ. ಅಷ್ಟರಲ್ಲಿ ನನ್ನನ್ನು ಮೂರು ದಿಕ್ಕಿನಿಂದ ಸುಟ್ಟಿರುತ್ತಿದ್ದರು. ತಿರುಗುವ ಮುನ್ನ ಹಾರ್ನು ಹುಡುಕುತ್ತಿದ್ದೆ. ಒಮ್ಮೆ ಎದುರಾಳಿಯೊಬ್ಬ ನನ್ನನ್ನು ಅಣಕಿಸಲು ಕೈ ಎತ್ತಿ ಬೀಸಿದ. ಕೈ ಎತ್ತಿದವರು ಯಾರೇ ಆಗಲಿ, ಕ್ರೇನು ನಿಲ್ಲಬೇಕು ಎಂಬುದು ನಮ್ಮಲ್ಲಿ ಕಾನೂನು. ನಾನು ನಿಲ್ಲಿಸಿದೆ. ಅವನು ನಿಧಾನವಾಗಿ ಗುರಿಯಿಟ್ಟು ನನ್ನನ್ನು ಚಿಂದಿ ಮಾಡಿದ. "ಭಾವಾ, ಇದು ಆಟ! ನಿಮ್ ಯಾರ್ಡಲ್ಲ!" ಎಂದು ಭಾವಮೈದ ಹಣೆ ಚಚ್ಚಿಕೊಂಡ. ಆದರೆ ಸತ್ತವನು ಐದು ಸೆಕೆಂಡಿನಲ್ಲಿ ಮತ್ತೆ ಎದ್ದು ನಿಂತದ್ದನ್ನು ನೋಡಿ ನನಗೆ ತಮ್ಮ ಮೇಲೆ ನಿಜವಾದ ಹೊಟ್ಟೆಕಿಚ್ಚು ಹುಟ್ಟಿತು. ನಮ್ಮ ಯಾರ್ಡಿನಲ್ಲಿ ಈ ಸೌಲಭ್ಯವನ್ನು ಆಡಳಿತ ವರ್ಗ ಇನ್ನೂ ಜಾರಿಗೆ ತಂದಿಲ್ಲ.

ಹೀಗೆ ಅಧ್ಯಯನ ಮುಗಿಸಿ ಸಂಘ ಒಂದೇ ಬೇಡಿಕೆ ಇಟ್ಟಿತು: ಮಾಲೀಕರಮ್ಮನ ಎದುರು, ಕ್ಯಾಂಟೀನಿನ ದೊಡ್ಡ ಟಿವಿಯಲ್ಲಿ, ಒಬ್ಬರೇ ಯಂತ್ರ ನಡೆಸಬಹುದೆಂದು ಮ್ಯಾನೇಜರು ಆಡಿ ತೋರಿಸಲಿ. ಅವರಿಗೆ ಇದಕ್ಕಿಂತ ಸಿಹಿಯಾದ ಬೇಡಿಕೆಯನ್ನು ನಾವು ಹಿಂದೆಂದೂ ಇಟ್ಟಿರಲಿಲ್ಲ. ಮರುದಿನ ಸಂಜೆಯ ಚಹಾದ ಹೊತ್ತಿಗೆ ತೋಳೇರಿಸಿಕೊಂಡು ಬಂದು ಕೂತೇಬಿಟ್ಟರು. ಮಾಲೀಕರಮ್ಮ ಪಕ್ಕದ ಕುರ್ಚಿಯಲ್ಲಿ, ನಾವು ಎಪ್ಪತ್ತು ಜನ ಗೋಡೆಗೊರಗಿ, ಬಾಗಿಲಿಗೂ ಅಡ್ಡಲಾಗಿ. ಸೀಟಿ ಅಕ್ಕ, ಯಾವ ಯಂತ್ರ ಹೊರಟರೂ ಅಲ್ಲೇ ಹೋಗಿ ನಿಲ್ಲುವ ರೂಢಿಯವರು, ಸೀದಾ ಮ್ಯಾನೇಜರ ಬೆನ್ನ ಹಿಂದೆ ನಿಂತರು.

ಆಟ ಶುರುವಾಯಿತು. ಮ್ಯಾನೇಜರ ಕಣ್ಣು ಬಂದೂಕಿನ ತುದಿಯಲ್ಲಿತ್ತು. ಅಕ್ಕನ ಕಣ್ಣು ಪರದೆಯ ಮೂಲೆಯಲ್ಲಿದ್ದ, ಅಂಗೈಯಷ್ಟು ಅಗಲದ ನಕ್ಷೆಯ ಮೇಲೆ. ಯಾರು ಎಲ್ಲಿದ್ದಾರೆ, ಹಳ್ಳ ಎಲ್ಲಿದೆ, ಎಲ್ಲ ಅದರಲ್ಲಿ ಚುಕ್ಕೆಯಾಗಿ ಕಾಣುತ್ತಿತ್ತು. ಹನ್ನೊಂದು ವರ್ಷ ಹೊರೆಯನ್ನು ಬಿಟ್ಟು ಕಾಲಿನ ಬುಡವನ್ನೇ ನೋಡಿದ ಕಣ್ಣು ಅದು. "ಸಾರ್, ಹಿಂದೆ ಹಳ್ಳ! ನಿಲ್ಲಿ, ನಿಲ್ಲಿ! ಎಡಕ್ಕೆ... ಇನ್ನೊಂಚೂರು... ಸಾಕು! ಬಲಗಡೆ ನಿಮ್ಮೋನೇ ಇದ್ದಾನೆ, ತುಳೀಬೇಡಿ!" ಎಂದು ಅವರಿಗರಿವಿಲ್ಲದೆಯೇ ಬಾಯಿ ನಡೆಯಿತು, ಮ್ಯಾನೇಜರಿಗರಿವಿಲ್ಲದೆಯೇ ಹೆಬ್ಬೆರಳೂ ನಡೆಯಿತು. ಆ ಸುತ್ತನ್ನು ಅವರು ಗೆದ್ದರು. ಆಫೀಸಿನ ಬಾಗಿಲ ಹಿಂದೆ ಎಂದೂ ಹಾಗೆ ಗೆದ್ದಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಮಾಲೀಕರಮ್ಮ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಎದೆಯುಬ್ಬಿಸಿ, "ನೋಡಿದ್ರಾ ಮೇಡಂ? ಒಬ್ನೇ!" ಎಂದರು.

ಒಬ್ಬನೇ! ಈ ಒಂದು ಮಾತಿನ ಮೇಲೆ ಜಗತ್ತಿನ ಎಷ್ಟು ಮಾಲೀಕತ್ವ, ಎಷ್ಟು ಸನ್ಮಾನ, ಎಷ್ಟು ಹಾರ ತುರಾಯಿ ನಿಂತಿದೆಯೆಂದು ತಮಗೆ ಗೊತ್ತಿಲ್ಲದಿರಬಹುದು, ದೈತ್ಯರೇ. ನೆಲದ ಮೇಲೆ ನಿಂತು ದಾರಿ ತೋರಿಸಿದವರು ಯಾವ ಫೋಟೊದಲ್ಲೂ ಇರುವುದಿಲ್ಲ. ನಮ್ಮವರ ರಕ್ತ ಕುದಿಯಿತು. ಇಬ್ಬರು ಘೋಷಣೆಗೆ ಬಾಯಿ ತೆರೆದರು. ಅಕ್ಕ ಅಂಗೈ ತೋರಿಸಿದರು, ಬಾಯಿಗಳು ಮುಚ್ಚಿದವು. ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು, ಬೆಂಚಿನ ಮೇಲೆ ಕೂತರು, ಆರಿಹೋಗುತ್ತಿದ್ದ ಚಹಾ ಎತ್ತಿಕೊಂಡರು.

ಎರಡನೇ ಸುತ್ತಿನಲ್ಲಿ ತಮಗೆ ಆದ ಗತಿಯನ್ನು ತಮಗೇ ವರ್ಣಿಸುವುದು ಸೌಜನ್ಯವಲ್ಲ, ಆದರೂ ದಾಖಲೆಗಾಗಿ ಬರೆಯುತ್ತೇನೆ. ತಾವು ಮೊದಲು ತಮ್ಮ ಕಡೆಯ ಇಬ್ಬರನ್ನು ತುಳಿದಿರಿ. ನಂತರ ಹಿಂದೆ ಸರಿಯುತ್ತ ಹಳ್ಳಕ್ಕೆ ಬಿದ್ದಿರಿ. ಮತ್ತೆ ಕರೆದಾಗ ಆಕಾಶದಿಂದ ಇಳಿದಿರಿ, ಸರಿಯಾಗಿ ಮ್ಯಾನೇಜರು ಎದುರಾಳಿಯ ಗೋಡೆಗೆ ಬೆನ್ನು ತಿರುಗಿಸಿ ನಿಂತ ಜಾಗದಲ್ಲಿ. ಆ ಗೋಡೆಯ ಹಿಂದೆ ಐದು ಚುಕ್ಕೆಗಳು ಕಾಯುತ್ತಿದ್ದುದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಜ್ಜಿಗೂ ಕಂಡಿತ್ತು. ಹನ್ನೆರಡನೇ ಸಲ ಸತ್ತಾಗ ಮ್ಯಾನೇಜರು ತಿರುಗಿ, ಬೆವರೊರೆಸಿಕೊಂಡು, "ಏನಮ್ಮಾ, ಬಾಯಿ ಬಿಟ್ಟು ಹೇಳಬಾರದಾ?" ಎಂದು ರೇಗಿದರು.

ಅಕ್ಕ ಲೋಟ ಕೆಳಗಿಟ್ಟು ಹೇಳಿದರು: "ಒಂದನೇ ತಾರೀಖಿಂದ ನಾನಿರಲ್ವಲ್ಲ ಸಾರ್. ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ ಸುಮ್ನಾದೆ."

ಕ್ಯಾಂಟೀನಿನ ತಗಡು ಹಾರಿಹೋಗುವಂಥ ನಗು. ಮಾಲೀಕರಮ್ಮನೂ ನಕ್ಕರು, ನಕ್ಕು ಮುಗಿಸಿ, "ಟಿವಿ ಒಳಗಿನ ಮಿಷನ್ನಿಗೇ ಇವರು ಬೇಕು ಅಂದ್ರೆ, ಹೊರಗಿನದಕ್ಕೆ ಬೇಡ್ವೇನ್ರಿ?" ಎಂದರು. ಇದು ಅವರ ಕರುಣೆಯೆಂದು ಯಾರೂ ಬರೆಯಬಾರದು. ಅದೇ ಮಾತನ್ನು ನಾವು ಮೂರು ಮನವಿಗಳಲ್ಲಿ ಬರೆದಿದ್ದೆವು. ಆಗ ಕೇಳಿಸದ್ದು ಎಪ್ಪತ್ತು ಜನ ಬಾಗಿಲಿಗೆ ಅಡ್ಡ ನಿಂತಾಗ ಕೇಳಿಸಿತು. ನೋಟಿಸನ್ನು ಮ್ಯಾನೇಜರೇ ಗೋಡೆಯಿಂದ ಕಿತ್ತರು. ಗೋಂದು ಗಟ್ಟಿಯಿತ್ತು, ಉಗುರಿನಲ್ಲಿ ಕೆರೆಯಬೇಕಾಯಿತು. ನಾವು ಯಾರೂ ಸಹಾಯ ಮಾಡಲಿಲ್ಲ. ಒಬ್ಬನೇ ಮಾಡಬಲ್ಲೆನೆಂದು ಹೇಳಿದ್ದವರಿಗೆ ಅಡ್ಡಿ ಮಾಡುವುದು ಸರಿಯಲ್ಲ.

ಒಂದನೇ ತಾರೀಖು ಕಳೆದರೂ ಅಕ್ಕ ಹಳಿಯ ಪಕ್ಕದ ಅದೇ ಜಾಗದಲ್ಲಿದ್ದಾರೆ, ಅವರ ಕಣ್ಣಿನಿಂದ ನನಗೆ ಹಿಂದಿನ ಕಾಲುಗಳು ಕಾಣುತ್ತಲೇ ಇವೆ. ಆದರೂ ತಮ್ಮ ಮೇಲಿನ ದೂರನ್ನು ಸಂಘ ಹಿಂತೆಗೆದುಕೊಳ್ಳುವುದಿಲ್ಲ. ತಮ್ಮನ್ನು ನೋಡಿ ಕೆಟ್ಟುಹೋಗುವ ಮ್ಯಾನೇಜರುಗಳು ಇನ್ನೂ ಎಷ್ಟು ಯಾರ್ಡುಗಳಲ್ಲಿದ್ದಾರೋ! ಆದ್ದರಿಂದ ತಾವು ಮುಂದಿನ ಯುದ್ಧಕ್ಕೆ ಇಳಿಯುವ ಮುನ್ನ ನೆಲದಲ್ಲಿ ಸೀಟಿಯವರೊಬ್ಬರನ್ನು ನೇಮಿಸಿಕೊಳ್ಳಬೇಕು. ಇಳಿಯುವ ಜಾಗಕ್ಕೆ ಹಗ್ಗ ಕಟ್ಟಿಸಬೇಕು. ಜಗತ್ತು ಮುಳುಗುತ್ತಿದ್ದರೂ ನಾಲ್ಕು ಗಂಟೆಗೆ ಎರಡೂ ಪಕ್ಷದವರು ಬಂದೂಕು ಇಳಿಸಿ ಚಹಾ ಕುಡಿಯಬೇಕು. ತಮ್ಮ ಕೀಲುಗಳಿಗೆ ಗ್ರೀಸು ಹಚ್ಚುವವರು ಯಾರೆಂದು, ಅವರ ಮುಖವನ್ನು ಒಮ್ಮೆಯಾದರೂ ಪರದೆಯ ಮೇಲೆ ತೋರಿಸಬೇಕು. ತಾವು ಒಪ್ಪಿದರೆ ನಮ್ಮ ಸಂಘದ ಸದಸ್ಯತ್ವವನ್ನು ತಮಗೂ ಕೊಡಿಸುತ್ತೇವೆ. ಸಭೆಗೆ ಬರುವಾಗ ಮಾತ್ರ ಗೇಟಿನ ಮೂಲಕ, ನಡೆದುಕೊಂಡು ಬನ್ನಿ.

ಇಂತಿ, ತಮ್ಮ ಪಾದದಡಿ ಸಿಗದೆ ಉಳಿದಿರುವ
ತಮ್ಮ ವಿಶ್ವಾಸಿ,
ನಾಲ್ಕು ಕಾಲಿನ ಕ್ರೇನಿನ ಆಪರೇಟರ್ ಮತ್ತು ಸಂಘದ ಕಾರ್ಯದರ್ಶಿ

ಮರೆತ ಮಾತು: ಮ್ಯಾನೇಜರು ಈಗ ದಿನಾ ಊಟದ ಹೊತ್ತಿಗೆ ಮೊಬೈಲು ಹಿಡಿದು ಬಂದು, "ಅಕ್ಕಾ, ಐದೇ ನಿಮಿಷ, ನನ್ನ ಹಿಂದೆ ನಿಂತ್ಕೊಳ್ಳಿ" ಎಂದು ಕೇಳುತ್ತಿದ್ದಾರೆ. ಊಟದ ಬಿಡುವಿನಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದೆಂಬ ನಿಯಮವನ್ನು ಅಕ್ಕ ಅವರಿಗೆ ಓದಿ ಹೇಳಿದ್ದಾರೆ. ತಾವು ನಮ್ಮ ಮ್ಯಾನೇಜರ ಕೈಯಲ್ಲಿ ಹಳ್ಳಕ್ಕೆ ಬೀಳುವುದು ಹೀಗೆಯೇ ಮುಂದುವರಿಯಲಿದೆ. ತಮಗೆ ನಮ್ಮ ಸಂಪೂರ್ಣ ಬೆಂಬಲವಿದೆ.