ದರ್ಜಿಯ ಮೊಣಕಾಲು

ದರ್ಜಿಯ ಮಾನ ಆ ಭಾನುವಾರ ಒಲೆಯ ಮೇಲೆ ಬೇಯುತ್ತಿತ್ತು. ಮದುವೆಯಾದ ಮೇಲೆ ಮಾವನವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಅಳಿಯನಿಗೆ ದೇವರ ಭಯವೂ ಇಲ್ಲ, ಮನೆಯ ಚಿಂತೆಯೂ ಇಲ್ಲ ಎಂಬುದು ಅವರ ಹಳೆಯ ತೀರ್ಪು. ಅವರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು, "ಆರಾಧನೆ ಮುಗಿದ ತಕ್ಷಣ ಓಡಿಬಂದು ಒಲೆ ಆರಿಸಿ. ಮಾಂಸ ಸೀದುಹೋದ್ರೆ ಅಪ್ಪನ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ," ಎಂದಿದ್ದಳು. ಚರ್ಚು ಮನೆಯ ಪಕ್ಕದಲ್ಲೇ. ದರ್ಜಿ ಧೈರ್ಯವಾಗಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತ.

ಕೊನೆಯ ಮೌನಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದರು. ದರ್ಜಿಯ ಪ್ರಾರ್ಥನೆ ಎಂದೂ ಅಂಗಿಗೆ ಗುಂಡಿ ಹಾಕಿಕೊಳ್ಳುವಷ್ಟು ಹೊತ್ತಿನದು: ಕಣ್ಣು ಮುಚ್ಚು, ಕೆಮ್ಮು, ಏಳು. ಅಂದು ಕಣ್ಣು ಮುಚ್ಚಿದ, ಕೆಮ್ಮಿದ, ಏಳಲಾಗಲಿಲ್ಲ. ವರ್ಷಗಟ್ಟಲೆ ಮಷಿನ್ ತುಳಿದಿದ್ದ ಬಲ ಮೊಣಕಾಲು ತುಕ್ಕು ಹಿಡಿದ ಕತ್ತರಿಯ ಹಾಗೆ ಕಚ್ಚಿಕೊಂಡಿತ್ತು.

ಪಕ್ಕದಲ್ಲಿದ್ದ ಬ್ಯಾಂಕ್ ಗುಮಾಸ್ತ ಏಳಲು ಹೊರಟವನು ಅರೆಗಣ್ಣಿನಲ್ಲಿ ದರ್ಜಿಯನ್ನು ನೋಡಿದ. ಬಟ್ಟೆ ಹೊಲಿಯುವವನಿಗಿಂತ ತನ್ನ ಭಕ್ತಿ ಕಮ್ಮಿಯೇ ಎಂದು ಮತ್ತೆ ಕುಸಿದ. ಗುಮಾಸ್ತನನ್ನು ನೋಡಿ ಟೀಚರಮ್ಮ, ಟೀಚರಮ್ಮನನ್ನು ನೋಡಿ ಅವರ ನಾದಿನಿ. ಎಲ್ಲರಿಗಿಂತ ಮೊದಲು ಎದ್ದು ಪಾಪಿ ಎನಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಸಭೆ ಏಳದೆ ಪಾದ್ರಿಗಳು ಆಶೀರ್ವಾದ ಕೊಡುವಂತಿಲ್ಲ. ಅವರ ಹೊಟ್ಟೆ ಮಾತ್ರ ಗಟ್ಟಿಯಾಗಿಯೇ ಪ್ರಾರ್ಥಿಸುತ್ತಿತ್ತು.

ಅಷ್ಟರಲ್ಲಿ ಕಿಟಕಿಯಿಂದ ಸೀದ ವಾಸನೆ ಬಂತು. ಬಲಿಯ ಮಾಂಸವನ್ನು ಪೂರ್ತಿ ಸುಟ್ಟುಬಿಡುವ ಹಳೇ ಒಡಂಬಡಿಕೆಯ ಸರ್ವಾಂಗಹೋಮ ತನ್ನ ಅಡುಗೆಮನೆಯಲ್ಲೇ ನಡೆದಿದೆ ಎಂದು ದರ್ಜಿಗೆ ಅರ್ಥವಾಯಿತು. ಆಗ ಅವನು, ಎಷ್ಟೋ ವರ್ಷಗಳ ಮೇಲೆ, ಮನಸ್ಸಿಟ್ಟು ಪ್ರಾರ್ಥಿಸಿದ: ಸ್ವಾಮೀ, ಮೊಣಕಾಲು ಬಿಡಿಸು, ಅದಾಗದಿದ್ದರೆ ಒಲೆಯನ್ನಾದರೂ ಆರಿಸು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಟೀಚರಮ್ಮ ನಾದಿನಿಯ ಕಿವಿಗೆ ಬಾಗಿದರು. "ನೋಡೇ, ಮನುಷ್ಯ ಹೇಗೆ ಕರಗಿ ಹೋಗಿದ್ದಾನೆ. ನಮ್ಮದೂ ಒಂದು ಪ್ರಾರ್ಥನೆನಾ?"

ದರ್ಜಿಗೆ ಇನ್ನು ತಡೆಯಲಾಗಲಿಲ್ಲ. "ಅಯ್ಯನವರೇ, ನಾನು ಪ್ರಾರ್ಥನೆ ಮಾಡ್ತಾ ಇಲ್ಲ. ಕಾಲು ಹಿಡ್ಕೊಂಡಿದೆ. ಯಾರಾದ್ರೂ ಎತ್ತಿ."

ಪಾದ್ರಿಗಳ ಕಣ್ಣು ತೇವವಾಯಿತು. "ಕೇಳಿದ್ರಾ? ಇಷ್ಟು ಹೊತ್ತು ಅತ್ತು ಬೇಡಿಕೊಂಡವರು, ಪ್ರಾರ್ಥನೇನೇ ಮಾಡಿಲ್ಲ ಅಂತಾರೆ. ದೀನತೆ ಅಂದ್ರೆ ಇದು."

ಸದ್ಯ ಏಳಲು ನೆಪ ಸಿಕ್ಕಿತೆಂದು ಅರ್ಧ ಎದ್ದಿದ್ದವರೆಲ್ಲ ಮತ್ತೆ ಮೊಣಕಾಲೂರಿದರು.

ದರ್ಜಿಯ ಭುಜದ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ಮಾವನವರು. ಅವರ ಹಿಂದೆ ಹೆಂಡತಿ, ಕೈಯೆಲ್ಲ ಮಸಿ. ಒಲೆ ಆರಿಸಿ ಬಂದೆ, ಮಾಂಸ ಇದ್ದಿಲಾಗಿದೆ ಎಂದು ಹಲ್ಲು ಕಚ್ಚಿಕೊಂಡು ಹೇಳಿದಳು.

"ಬಿಡಮ್ಮ, ಊಟ ಏನು ಮಹಾ," ಎಂದರು ಮಾವನವರು. "ಅಳಿಯಂದಿರೇ, ನಿಮ್ಮನ್ನ ತಪ್ಪು ತಿಳಿದಿದ್ದೆ. ಇನ್ನು ನಾನು ನಿಮ್ಮನೇಲೇ ಇದ್ದುಬಿಡ್ತೀನಿ. ದಿನಾ ಬೆಳಕು ಹರಿಯೋ ಮುಂಚೆ ಎಬ್ಬಿಸ್ತೀನಿ, ಇಬ್ಬರೂ ಹೀಗೇ ಮೊಣಕಾಲೂರೋಣ."

ಅದುವರೆಗೆ ಚೆನ್ನಾಗಿಯೇ ಇದ್ದ ಎಡ ಮೊಣಕಾಲೂ ಕಚ್ಚಿಕೊಂಡದ್ದು ಆಗ.