ಕೂದಲೆಣ್ಣೆಯ ಈ-ಮೇಲ್ ಕಳುಹಿಸುವ ಮಾನ್ಯರಿಗೆ

ವನಗೂರು, ಸಕಲೇಶಪುರ ತಾಲ್ಲೂಕು
೧೮ ಮಾರ್ಚ್ ೨೦೦೩

ಮಾನ್ಯರೇ,

ತಮ್ಮ ಊರು, ಹೆಸರು, ಮುಖ ಯಾವುದನ್ನೂ ಅರಿಯದ ನಾನು, ವನಗೂರಿನ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಬಸವರಾಜು, ಕಳೆದ ಐದು ತಿಂಗಳಲ್ಲಿ ತಮ್ಮಿಂದ ಇನ್ನೂರ ಹದಿನೇಳು ಈ-ಮೇಲ್‌ಗಳನ್ನು ಪಡೆದ ಭಾಗ್ಯಶಾಲಿಯಾಗಿ ಗೌರವಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಆಲೂರಿನಲ್ಲಿರುವ ನನ್ನ ಸ್ವಂತ ತಮ್ಮ ವರ್ಷಕ್ಕೊಂದು ಕಾರ್ಡೂ ಬರೆಯುವುದಿಲ್ಲ.

ನನ್ನ ತಲೆ ಬೋಳಾಗಿರುವುದನ್ನು ಅಷ್ಟು ದೂರದಿಂದಲೇ ಕಂಡುಹಿಡಿದು, ಕೂದಲೆಣ್ಣೆ ಕೊಳ್ಳುವಂತೆ ತಾವು ಬರೆದಿರಿ. ಬಂದ ಪತ್ರಕ್ಕೆ ಉತ್ತರಿಸದಿರುವುದು ರೈಟರಾದವನಿಗೆ ಶೋಭೆಯಲ್ಲವಾದ್ದರಿಂದ, ಸಂತೆಗೆ ಹೋದಾಗಲೆಲ್ಲ ಸಕಲೇಶಪುರದಲ್ಲಿ ತಬ್ರೇಜ್ ನಡೆಸುವ ಸೈಬರ್ ಸೆಂಟರಿನಲ್ಲಿ ಕುಳಿತು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತಿ, ಎಣ್ಣೆ ಬೇಡವೆಂದು ವಂದನಾಪೂರ್ವಕವಾಗಿ ತಿಳಿಸಿದೆ. ಆ ಸಂತೋಷಕ್ಕೆ ತಾವು ವಾರಕ್ಕೆರಡು ಇದ್ದದ್ದನ್ನು ದಿನಕ್ಕೆರಡು ಮಾಡಿದಿರಿ. ಹೊಟ್ಟೆ ಕರಗಿಸುವ, ಪರೀಕ್ಷೆಯಿಲ್ಲದೆ ಡಿಗ್ರಿ ಕೊಡುವ ತಮ್ಮ ಬಂಧುಮಿತ್ರರಿಗೂ ನನ್ನ ವಿಳಾಸ ಹಂಚಿದಿರಿ. ಬೇಡ ಎಂದವನಿಗೆ ಇಷ್ಟು ಬಲವಂತ ಮಾಡಿ ಬಡಿಸುವುದನ್ನು ನಾನು ಬೀಗರ ಊಟದಲ್ಲಿ ಮಾತ್ರ ಕಂಡಿದ್ದೆ.

ಈ ವಿಳಾಸವನ್ನು ತೆರೆದದ್ದು ತಮಗಾಗಿ ಅಲ್ಲವೆಂದು ಹೇಳಲು ಸಂಕೋಚವಾಗುತ್ತದೆ. ನನ್ನ ಮಗಳು ಚೈತ್ರಶ್ರೀ, ಒಂದು ಗುಟುಕು ಕುಡಿದು ಇದು ಹಳ್ಳದ ಬದಿಯ ಕಾಫಿ, ಇದು ಗುಡ್ಡದ ಮೇಲಿನದು ಎಂದು ಹೇಳಬಲ್ಲವಳು, ಕಾಫಿಯ ರುಚಿ ನೋಡಿ ದರ್ಜೆ ಹೇಳುವ ತರಬೇತಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕರೆ ಈ-ಮೇಲ್ ಬರುತ್ತದೆ, ಎಂಟು ದಿನದೊಳಗೆ ಒಪ್ಪಿಗೆ ತಿಳಿಸಬೇಕು ಎಂದಿದ್ದರು. ಇಪ್ಪತ್ತೆಂಟು ವರ್ಷ ಎಸ್ಟೇಟಿನ ಟಪಾಲು ನೋಡಿಕೊಂಡವನೆಂಬ ಜಂಬದಲ್ಲಿ, ಅದನ್ನು ನೋಡುವ ಹೊಣೆಯನ್ನು ನಾನೇ ಕೇಳಿ ವಹಿಸಿಕೊಂಡೆ.

ಜನವರಿಯಲ್ಲಿ ಕೊಯ್ಲು ಜೋರಾಗಿ ಪೇಟೆಗೆ ಇಳಿಯಲಾಗಲಿಲ್ಲ. ನಾನು ಪಾಸ್‌ವರ್ಡ್ ಕೊಟ್ಟಿಟ್ಟಿದ್ದ ತಬ್ರೇಜ್ ಎಸ್ಟೇಟಿಗೆ ಫೋನ್ ಮಾಡಿ, "ಸಾರ್, ನಿಮ್ ಬಾಕ್ಸ್ ತುಂಬೋಗೈತೆ, ಹೊಸದೇನೂ ಒಳಕ್ಕೆ ಬರಲ್ಲ. ಯಾವ್ದು ತೆಗೀಲಿ?" ಎಂದ. ನಮ್ಮಲ್ಲಿ ಕೊಯ್ದ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದರೆ ಜೊಳ್ಳು ಮೇಲೆ ತೇಲುತ್ತದೆ, ಗಟ್ಟಿಯದು ತಳಕ್ಕೆ ಕೂರುತ್ತದೆ. ಆಗ ನಾನು ಆ ತೊಟ್ಟಿಯ ಪಕ್ಕದಿಂದಲೇ ಓಡಿ ಬಂದು ಫೋನ್ ಎತ್ತಿಕೊಂಡಿದ್ದೆ. "ಮೇಲಿರೋ ಅರವತ್ತು ತೆಗೆದ್ಬುಡಪ್ಪ, ಗಟ್ಟಿ ಮಾಲು ಅಡೀಲೇ ಇರ್ತದೆ" ಎಂದೆ. ಬೇರೆಯವರ ಪತ್ರ ಬಿಚ್ಚಬಾರದೆಂಬ ಮರ್ಯಾದೆಯುಳ್ಳ ತಬ್ರೇಜ್ ಒಂದನ್ನೂ ಓದದೆ ಅರವತ್ತನ್ನೂ ತೆಗೆದ.

ಕಂಪ್ಯೂಟರಿನ ತೊಟ್ಟಿಯಲ್ಲಿ ಹೊಸದು ಮೇಲಿರುತ್ತದೆಂದು ನನಗೆ ತಿಳಿದದ್ದು, ಈ-ಮೇಲ್‌ಗೆ ಉತ್ತರ ಬಾರದ ಕಾರಣ ಸೀಟನ್ನು ಬೇರೆಯವರಿಗೆ ಕೊಡಲಾಗಿದೆ ಎಂಬ ಕಾಗದ ಅಂಚೆಯಲ್ಲಿ ಬಂದ ಮೇಲೆ. ದೀಪಾವಳಿಗೆ ತಾವು ಕಳುಹಿಸಿದ ಕೂದಲೆಣ್ಣೆ ಮಾತ್ರ ಅಡಿಯಲ್ಲಿ ಭದ್ರವಾಗಿತ್ತು. ಚೈತ್ರಶ್ರೀ ಕಾಗದವನ್ನು ಎರಡು ಸಲ ಓದಿ, "ಅಪ್ಪ, ನೀವು ನೋಡ್ತೀನಿ ಅಂದಿದ್ರಲ್ಲ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ತಪ್ಪು ನನ್ನದೇ ಎಂಬ ಮಾತನ್ನು ಅವಳೆದುರು ಇನ್ನೂ ಹೇಳಲಾಗಿಲ್ಲ. ತಮಗಾದರೆ ಸಲೀಸಾಗಿ ಬರೆದುಬಿಟ್ಟೆ.

ಆದ್ದರಿಂದ ಒಂದು ವಿನಂತಿ. ತಮ್ಮ ಪತ್ರ ಎಲ್ಲಿಗಾದರೂ ತಲುಪಿಯೇ ತಲುಪುತ್ತದೆಂಬುದು ಸಾಬೀತಾಗಿರುವುದರಿಂದ, ತಾವು ಆ ತರಬೇತಿಯವರಿಗೆ ದಿನಕ್ಕೆರಡು ಬಾರಿ, ಎಣ್ಣೆಯ ಸುದ್ದಿ ಬಿಟ್ಟು, ನಮ್ಮ ಹುಡುಗಿಗೆ ಇನ್ನೊಂದು ಅವಕಾಶ ಕೊಡಿರೆಂದು ಬರೆಯಬೇಕು. ಅವರು ಬೇಡ ಎಂದರೂ ತಾವು ನಿಲ್ಲಿಸುವವರಲ್ಲ ಎಂಬ ಭರವಸೆ ನನಗಿದೆ.

ತಲೆಯ ಮೇಲೆ ಕೂದಲಿಲ್ಲದ, ಮನೆಯಲ್ಲಿ ಮಾತಿಲ್ಲದ,
ತಮ್ಮ ವಿಶ್ವಾಸಿ,
ಬಸವರಾಜು

ತಾ.ಕ.: ಬರುವ ವರ್ಷದ ಅರ್ಜಿಗಾಗಿ ಚೈತ್ರಶ್ರೀ ತಾನೇ ಹೊಸ ಈ-ಮೇಲ್ ವಿಳಾಸ ಮಾಡಿಕೊಂಡಿದ್ದಾಳಂತೆ. ಅದನ್ನು ನನಗೆ ಹೇಳಿಲ್ಲ. ತಮಗೆ ಇಷ್ಟರಲ್ಲಿ ಸಿಕ್ಕಿರುತ್ತದೆ. ದಯವಿಟ್ಟು ನನಗೂ ತಿಳಿಸಿ.