ಫೋನ್ ಎತ್ತದ ಹುಡುಗಿಯ ಕಾರ್ಡನ್ನು ಮುದ್ರಿಸಿದವರಿಗೆ

ಮಾನ್ಯರೇ,

ಮನುಷ್ಯನ ಬದುಕನ್ನೆಲ್ಲ ಎಪ್ಪತ್ತೆಂಟು ಕಾರ್ಡುಗಳಲ್ಲಿ ಅಡಗಿಸಿ, ಅದಕ್ಕೊಂದು ರಟ್ಟಿನ ಡಬ್ಬಿ ಮಾಡಿ, ಡಬ್ಬಿಗೆ ರೇಷ್ಮೆ ದಾರವನ್ನೂ ಸುತ್ತಿ ಮಾರುವ ತಮ್ಮ ಸಂಸ್ಥೆಗೆ ಮೊದಲು ನನ್ನ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅನುಮಾನವಿದ್ದರೆ ಒಂದು ಕಾರ್ಡು ಎಳೆದು ನೋಡಿಕೊಳ್ಳುವ ಸೌಕರ್ಯ ತಮಗಿದ್ದೇ ಇದೆ.

ನನ್ನ ಚಿಕ್ಕಮ್ಮ ಭವಿಷ್ಯ ಹೇಳಲು ಮೊದಲು ಇಟ್ಟುಕೊಂಡಿದ್ದ ಟ್ಯಾರೋ ಕಾರ್ಡುಗಳ ಕಟ್ಟಿನಲ್ಲಿ ರಾಜ, ರಾಣಿ, ಚಂದ್ರ, ಕುಸಿಯುವ ಗೋಪುರ ಮುಂತಾದವು ಇದ್ದವು. ನಮ್ಮ ಮನೆಗೆ ಗೋಪುರವಿಲ್ಲದ ಕಾರಣ ಯಾರೂ ಹೆದರುತ್ತಿರಲಿಲ್ಲ. ತಾವು ಅದನ್ನೆಲ್ಲ ಕೈಬಿಟ್ಟು, ಕೆಟ್ಟು ನಿಂತ ಲಿಫ್ಟು, ತೊಟ್ಟಿಕ್ಕುವ ನಲ್ಲಿ, ಉಕ್ಕುವ ಹಾಲು, ಜೊತೆ ತಪ್ಪಿದ ಕಾಲುಚೀಲಗಳನ್ನು ಎಷ್ಟು ಚೆಂದವಾಗಿ ಬರೆಸಿದ್ದೀರೆಂದರೆ, ತಮ್ಮ ಕಟ್ಟು ಮನೆಗೆ ಬಂದ ದಿನದಿಂದ ಚಿಕ್ಕಮ್ಮನ ಒಂದು ಭವಿಷ್ಯವೂ ಸುಳ್ಳಾಗಿಲ್ಲ. ಹಾಲಿನ ಕಾರ್ಡು ಬಂದ ಬೆಳಿಗ್ಗೆ ಮನೆಮಂದಿಯೆಲ್ಲ ಒಲೆಯ ಸುತ್ತ ಕಾವಲು ನಿಲ್ಲುತ್ತೇವೆ, ಅಷ್ಟರಲ್ಲಿ ಬಚ್ಚಲಲ್ಲಿ ಬಕೆಟ್ಟು ತುಂಬಿ ಹರಿಯುತ್ತದೆ, ಅದೂ ತಮ್ಮ ಇನ್ನೊಂದು ಕಾರ್ಡಿನಲ್ಲಿ ಇರುತ್ತದೆ. ಇಂಥ ಕರಾರುವಾಕ್ಕುತನವನ್ನು ಒಂದು ಸಂಸಾರ ಎಷ್ಟು ದಿನ ತಡೆದುಕೊಳ್ಳಬಹುದೆಂದು ತಾವು ಯೋಚಿಸಿದಂತಿಲ್ಲ.

ಈಗ ನನ್ನ ದೂರು. ಸಾಹಿತ್ಯದಲ್ಲಿ ಪದವಿ ಪಡೆದು ಒಂದೂವರೆ ವರ್ಷ ಮನೆಯಲ್ಲಿ ಕುಳಿತಿದ್ದ ನಾನು ಒಂದು ಗ್ರಂಥಾಲಯದ ಸಹಾಯಕಿಯ ಕೆಲಸಕ್ಕೆ ಸಂದರ್ಶನ ಕೊಟ್ಟು ಬಂದಿದ್ದೆ. ಬುಧವಾರ ಹತ್ತರಿಂದ ಹನ್ನೊಂದರ ನಡುವೆ ಫೋನ್ ಮಾಡುತ್ತೇವೆ, ಸಿಗದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಅಲ್ಲಿಯ ಮುಖ್ಯಸ್ಥೆ ಸ್ಪಷ್ಟವಾಗಿ ಹೇಳಿದ್ದರು. ಬುಧವಾರ ಹತ್ತಕ್ಕೆ ಐದು ನಿಮಿಷವಿರುವಾಗ ಚಿಕ್ಕಮ್ಮ ನನ್ನ ಹೆಸರಿನಲ್ಲಿ ಎಳೆದದ್ದು ತಮ್ಮ ಹದಿನಾರನೆಯ ಕಾರ್ಡು: ಮೇಜಿನ ಮೇಲೆ ಬಡಿದುಕೊಳ್ಳುತ್ತಿರುವ ಫೋನ್, ಅದನ್ನು ಹಾವನ್ನು ನೋಡುವಂತೆ ನೋಡುತ್ತ ಕುಳಿತ ಹುಡುಗಿ. “ಅಯ್ಯೋ, ನೀನೇ ಕಣೇ ಇದು!” ಎಂದರು ಚಿಕ್ಕಮ್ಮ. ನಿಜ ಹೇಳಬೇಕೆಂದರೆ ಜಡೆಯೂ ನನ್ನದೇ ಇತ್ತು.

ತಮ್ಮ ಕೈಪಿಡಿಯ ಪ್ರಕಾರ ಈ ಕಾರ್ಡು ನೇರವಾಗಿ ಬಿದ್ದರೆ ಆ ದಿನ ಕರೆಗಳಿಂದ ದೂರವಿರಬೇಕು, ತಲೆಕೆಳಗಾಗಿ ಬಿದ್ದರೆ ಕಾದಿದ್ದ ಕರೆಯನ್ನು ಕೂಡಲೇ ಎತ್ತಬೇಕು. ಆದರೆ ಮೇಜಿನ ಎರಡೂ ಬದಿಯಲ್ಲಿ ಜನ ಕೂರುವುದುಂಟು ಎಂಬ ಸಂಗತಿ ಕೈಪಿಡಿ ಬರೆದವರಿಗೆ ಹೊಳೆದಿಲ್ಲ. ಚಿಕ್ಕಮ್ಮನಿಗೆ ನೇರವಾಗಿದ್ದ ಕಾರ್ಡು ಎದುರು ಕುಳಿತ ನನಗೆ ತಲೆಕೆಳಗಾಗಿತ್ತು. “ಎಳೆದೋಳು ನಾನು. ನೇರ ಅಂದ್ರೆ ನನಗೆ ನೇರ,” ಎಂದರು ಚಿಕ್ಕಮ್ಮ. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದಿದ್ದ ಕೆಳಮನೆಯ ಟೈಲರ್ ಆಂಟಿ ಬಿಡಲಿಲ್ಲ. “ಅಳತೆ ತಗೊಳ್ಳೋದು ನಾನಾದ್ರೂ ಬಟ್ಟೆ ಹಾಕ್ಕೊಳ್ಳೋದು ಗಿರಾಕಿ ಅಲ್ವೇನ್ರೀ? ಭವಿಷ್ಯ ಯಾರದ್ದೋ, ಅವರ ಕಡೆಯಿಂದ ನೋಡ್ಬೇಕು.”

ಅಷ್ಟರಲ್ಲಿ ಫೋನ್ ಬಂತು. “ಇರೇ, ಇನ್ನೂ ತೀರ್ಮಾನ ಆಗಿಲ್ಲ!” ಎಂದು ಇಬ್ಬರೂ ಒಟ್ಟಿಗೆ ಕೈ ಎತ್ತಿ ನನ್ನನ್ನು ತಡೆದರು. ಅಪರಿಚಿತರ ಕರೆ ಎಂದರೆ ನಾಲಗೆ ಒಣಗುವ ನನಗೆ ಒಳಗೊಳಗೇ ಸಮಾಧಾನವಾಯಿತೆಂಬುದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಒಂಬತ್ತು ಸಲ ಬಡಿದುಕೊಂಡು ಫೋನ್ ಸುಮ್ಮನಾಯಿತು. ಆಮೇಲಿನ ನಿಶ್ಶಬ್ದದಲ್ಲಿ ಪಟ್ಟಿಯ ಮುಂದಿನ ಹುಡುಗಿ ಮೊದಲ ರಿಂಗಿಗೇ ಫೋನ್ ಎತ್ತುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಫೋನನ್ನು ಬಚ್ಚಲಿಗೆ ಒಯ್ದು, ಚಿಲಕ ಹಾಕಿ, ಜೀವನದಲ್ಲಿ ಮೊದಲ ಸಲ ಯಾರೂ ದೂಡದೆ ಒಂದು ಅಪರಿಚಿತ ನಂಬರಿಗೆ ನಾನೇ ಫೋನ್ ಮಾಡಿದೆ.

“ಯಾಕಮ್ಮಾ ಎತ್ತಲಿಲ್ಲ?” ಎಂದರು ಮುಖ್ಯಸ್ಥೆ. ಒಳ್ಳೆಯ ಸುಳ್ಳು ತಕ್ಷಣ ಹೊಳೆಯದ ಕಾರಣ, “ಮೇಡಂ, ಕಾರ್ಡು ಯಾರ ಕಡೆಯಿಂದ ತಲೆಕೆಳಗು ಅಂತ ಮನೇಲಿ ಜಗಳ ನಡೀತಿತ್ತು,” ಎಂದೆ. ಅತ್ತ ಕಡೆಯಿಂದ ಕೇಳಿಸಿದ್ದು ನಗು. “ಇಲ್ಲಿ ಓದೋಕೆ ಬರೋರದ್ದೂ ದಿನಾ ಇಂಥ ಜಗಳಾನೇ ಬಿಡಿಸ್ಬೇಕು. ಸೋಮವಾರ ಬಂದ್ಬಿಡು.”

ಬಚ್ಚಲಿಂದ ಹೊರಬಂದಾಗ ಬಾಗಿಲಿಗೆ ಕಿವಿ ಕೊಟ್ಟಿದ್ದ ಇಬ್ಬರೂ ಅರಳಿದ ಮುಖದಲ್ಲಿ ನಿಂತಿದ್ದರು. ಮೊದಲು ಎತ್ತಲಿಲ್ಲವಾದ್ದರಿಂದ ಚಿಕ್ಕಮ್ಮ ಗೆದ್ದಿದ್ದರು, ಆಮೇಲೆ ಮಾತಾಡಿದ್ದರಿಂದ ಆಂಟಿ ಗೆದ್ದಿದ್ದರು. ಬಚ್ಚಲಿನಲ್ಲಿ ಒಂಟಿಯಾಗಿ ನಿಂತು ಬೆವರಿದವಳಿಗೆ ಮಾತ್ರ ಯಾವ ಶ್ರೇಯಸ್ಸೂ ಸಿಗಲಿಲ್ಲ. ಆದ್ದರಿಂದ ಮುಂದಿನ ಮುದ್ರಣದಲ್ಲಿ ಕಾರ್ಡುಗಳನ್ನು ದುಂಡಗೆ ಕತ್ತರಿಸಬೇಕೆಂದೂ, ಅಥವಾ ಪ್ರತಿ ಡಬ್ಬಿಯ ಜೊತೆ ಒಂದೇ ಬದಿಯುಳ್ಳ ಮೇಜೊಂದನ್ನು ಉಚಿತವಾಗಿ ಕಳಿಸಬೇಕೆಂದೂ, ಎರಡೂ ಆಗದಿದ್ದಲ್ಲಿ ಆ ಹುಡುಗಿಯ ಜಡೆಯನ್ನಾದರೂ ಕತ್ತರಿಸಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ಎಷ್ಟೇ ರಿಂಗಾದರೂ ಇನ್ನು ಹೆದರದ,
ತಮ್ಮ ವಿಶ್ವಾಸಿ,
ಗ್ರಂಥಾಲಯ ಸಹಾಯಕಿ

ತಾ.ಕ.: ಚಿಕ್ಕಮ್ಮನ ಕಣ್ಣು ತಪ್ಪಿಸಿ ತಮ್ಮ ಕಟ್ಟನ್ನು ನಮ್ಮ ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದೇನೆ. ಜ್ಞಾನದ ಯಾವ ಶಾಖೆಗೂ ಹೊಂದದ ಕಾರಣ ಒಗೆಯುವ ಯಂತ್ರದ ದುರಸ್ತಿ ಪುಸ್ತಕಗಳ ಪಕ್ಕದಲ್ಲಿಟ್ಟಿದ್ದೇವೆ. ಈವರೆಗೆ ಅದನ್ನು ಎರವಲು ಕೇಳಿ ಬಂದವರು ಒಬ್ಬರೇ; ಸದಸ್ಯತ್ವದ ಅರ್ಜಿಯಲ್ಲಿ ವಿಳಾಸ ನಮ್ಮ ಮನೆಯದೇ ಇದೆ.